ಇರೋ ಬೈಗುಳ ಸಾಲದಾ?

ಪ್ರಶ್ನೆ: ಇನ್ಸೆಲ್, ಚಾಡ್, ಫೆಮಾಯ್ಡ್... ಆನ್‌ಲೈನಿನಲ್ಲಿ ದ್ವೇಷ ಕಾರುವ ಗುಂಪುಗಳು ಹೀಗೆ ಹೊಸ ಹೊಸ ಪದ ಹುಟ್ಟಿಸೋದು ಯಾಕೆ? ಬೈಯೋಕೆ ಇರೋ ಬೈಗುಳ ಸಾಲದಾ?

ಉತ್ತರ: ಸಾಲದು. ಸಿಟ್ಟು ಇಳಿದರೆ ಬೈಗುಳದ ಕೆಲಸ ಮುಗೀತು. ಇವರಿಗೆ ಬೇಕಿರೋದು ಹಣೆಪಟ್ಟಿ. ಒಮ್ಮೆ ಅಂಟಿಸಿದರೆ ಆಯ್ತು, ಎದುರಿನವರು ಎಂಥವರು ಅಂತ ನೋಡುವ ಗೋಜೇ ಇಲ್ಲ.

ತಮಾಷೆ ಅಂದ್ರೆ, 'ಇನ್ಸೆಲ್' (ಇನ್‌ವಾಲಂಟರಿ ಸೆಲಿಬೇಟ್, ಅಂದ್ರೆ ಇಷ್ಟವಿಲ್ಲದಿದ್ದರೂ ಸಂಗಾತಿಯಿಲ್ಲದೆ ಉಳಿದವರು) ಹುಟ್ಟಿದ್ದು ದ್ವೇಷದಿಂದಲ್ಲ. 1990ರ ದಶಕದ ಕೊನೆಯಲ್ಲಿ ಕೆನಡಾದ ಯುವತಿಯೊಬ್ಬಳು, ಸಂಗಾತಿ ಸಿಗದ ಗಂಡು ಹೆಣ್ಣು ಎಲ್ಲರೂ ಕಷ್ಟಸುಖ ಹೇಳಿಕೊಳ್ಳಲಿ ಅಂತ ವೆಬ್‌ಸೈಟ್ ಶುರು ಮಾಡಿದಳು. ಪದ ಬಂದಿದ್ದು ಅಲ್ಲಿಂದ. ಆಮೇಲೆ ಅದು ಹೆಣ್ಣನ್ನು ಕಂಡರಾಗದ ಗಂಡಸರ ಪಾಲಾಯಿತು. 2018ರ ಏಪ್ರಿಲ್‌ನಲ್ಲಿ ಟೊರೊಂಟೊದಲ್ಲಿ ಜನರ ಮೇಲೆ ವ್ಯಾನ್ ಹರಿಸಿದವನು, ಅದಕ್ಕೆ ಮುಂಚೆ ಫೇಸ್‌ಬುಕ್‌ನಲ್ಲಿ ಇನ್ಸೆಲ್ ದಂಗೆ ಶುರುವಾಯ್ತು, ಚಾಡ್‌ಗಳನ್ನೂ ಸ್ಟೇಸಿಗಳನ್ನೂ ಉರುಳಿಸುತ್ತೇವೆ ಅಂತ ಬರೆದಿದ್ದ.

ಚಾಡ್ ಅಂದ್ರೆ ಹುಡುಗಿಯರು ಮುಗಿಬೀಳುವ ಸುಂದರಾಂಗ. ಸ್ಟೇಸಿ ಅವನ ಹಿಂದೆ ಹೋಗುವ ಚೆಲುವೆ. ಉಳಿದ ಸಾಮಾನ್ಯರು ನಾರ್ಮಿಗಳು. 'ಫೆಮಾಯ್ಡ್' ಇನ್ನೂ ಕೆಟ್ಟದ್ದು: ಹೆಣ್ಣು ಮನುಷ್ಯಳಲ್ಲ, ಮನುಷ್ಯರ ಹಾಗೆ ಕಾಣುವ ಯಾವುದೋ ವಸ್ತು ಅಂತ. ಜೊತೆಗೆ 'ಸೆಲ್' ಅನ್ನೋ ಬಾಲವನ್ನು ಯಾವುದಕ್ಕೆ ಬೇಕಾದರೂ ಅಂಟಿಸಬಹುದು. ಕುಳ್ಳಗಿದ್ದರೆ ಹೈಟ್‌ಸೆಲ್. ನಮ್ಮ ಕಡೆಯವನಾದರೆ ಕರ್ರಿಸೆಲ್! ಇದು ನೇರ ಜನಾಂಗೀಯ ಅವಮಾನ. ಆದರೂ ಭಾರತ ಮೂಲದ ಕೆಲವು ಹುಡುಗರು ತಾವೇ ಅದನ್ನು ಹೆಸರಿನ ಹಾಗೆ ಹಾಕಿಕೊಳ್ಳುತ್ತಾರೆ. ಯಾಕೆ? ಸೋಲಿಗೆ ಅಲ್ಲೊಂದು ಸಿದ್ಧ ಕಾರಣ ಸಿಗುತ್ತದೆ: ತಪ್ಪು ಬಣ್ಣದ್ದು, ಎತ್ತರದ್ದು, ಹುಡುಗಿಯರದ್ದು. ನನ್ನ ಪ್ರಕಾರ ಈ ಪದಗಳ ನಿಜವಾದ ಹಿಡಿತ ಇರೋದು ಇಲ್ಲೇ.

ಸಿಕ್ಕಿಬೀಳದಿರುವ ಉಪಾಯವೂ ಇದೆ ಅನ್ನಿ. 2016ರಲ್ಲಿ ಗೂಗಲ್ ಕಂಪನಿ ನಿಂದನೆಯನ್ನು ಯಂತ್ರದಿಂದಲೇ ಪತ್ತೆ ಹಚ್ಚುವ ಕೆಲಸಕ್ಕೆ ಕೈ ಹಾಕಿತು. ಆಗ ಹೆಸರು ಹೇಳದೆ ಏನು ಬೇಕಾದರೂ ಬರೆಯಬಹುದಾದ ಫೋರ್‌ಚಾನ್ ಅನ್ನೋ ವೆಬ್‌ಸೈಟಿನ ಮಂದಿ ಏನು ಮಾಡಿದರು ಗೊತ್ತಾ? ಕಪ್ಪು ಜನರನ್ನು 'ಗೂಗಲ್' ಅಂತಲೂ ಯಹೂದಿಗಳನ್ನು 'ಸ್ಕೈಪ್' ಅಂತಲೂ ಕರೆಯತೊಡಗಿದರು. ತನ್ನ ಹೆಸರನ್ನೇ ಗೂಗಲ್ ಹೇಗೆ ಅಳಿಸೀತು?

ಹಾಗಂತ ಮನೆಯ ಹುಡುಗನ ಬಾಯಲ್ಲಿ 'ಲುಕ್ಸ್‌ಮ್ಯಾಕ್ಸಿಂಗ್' (ಆದಷ್ಟು ಚೆನ್ನಾಗಿ ಕಾಣೋಕೆ ರೂಪ ತಿದ್ದಿಕೊಳ್ಳೋದು) ಕೇಳಿದ ಕೂಡಲೇ ಗಾಬರಿಯಾಗಬೇಡಿ. ಅದೂ ಬೆಳೆದದ್ದು ಇಂಥ ಅಡ್ಡೆಗಳಲ್ಲೇ, ನಿಜ. ಆದರೆ ಈಗ ಜಿಮ್ಮಿಗೆ ಹೋಗೋರೂ ಸುಮ್ನೆ ಹೇಳ್ತಾರೆ. 'ಹುಡುಗಿಯರೆಲ್ಲ ಹಂಗೇ' ಅನ್ನೋ ಮಾತು ಜಾಸ್ತಿಯಾದರೆ ಮಾತ್ರ, ಯಾರ ವೀಡಿಯೋ ನೋಡ್ತಿದ್ದಾನೆ ಅಂತ ಕೂತು ಕೇಳಿ.