ಎದುರಿಗಿರುವ ತೋಳ ಅಲ್ಲಿಲ್ಲ

ಯಾವ ಆನ್‌ಲೈನ್ ಆಟದ ಬೀಟಾಕ್ಕೆ, ಅಂದರೆ ಬಿಡುಗಡೆಗೆ ಮುಂಚಿನ ಪ್ರಯೋಗಕ್ಕೆ, ಹೋಗಿ ನೋಡಿ, ಮೊದಲ ಸಂಜೆ ಚಾಟ್ ತುಂಬ ಒಂದೇ ಗೋಳು: ಲ್ಯಾಗ್, ಅಂದರೆ ಒತ್ತಿದ್ದಕ್ಕೂ ಆದದ್ದಕ್ಕೂ ನಡುವಿನ ತಡ. ನಾನು ಈಚೆಗೆ ಆಡಿ ನೋಡಿದ ಫ್ಯಾಂಟಸಿ ಆಟದಲ್ಲೂ ಹಾಗೇ ಆಯಿತು. ತೋಳದ ಎದೆಗೆ ಸರಿಯಾಗಿ ಗುರಿಯಿಟ್ಟು ಬಾಣ ಬಿಟ್ಟರೆ ಅದು ಗಾಳಿಗೆ ಹೋಯಿತು. ತೋಳ ಎರಡು ಹೆಜ್ಜೆ ಆಚೆಯಿಂದ ನನ್ನನ್ನೇ ಕಚ್ಚಿತು. ಚಾಟ್‌ನಲ್ಲಿದ್ದ ಪಂಡಿತರೊಬ್ಬರು ತಕ್ಷಣ ಪರಿಹಾರ ಹೇಳಿದರು: "300 ಎಂಬಿಪಿಎಸ್ ಪ್ಯಾಕ್ ಹಾಕಿಸ್ಕೊಳ್ಳಿ ಗುರು, ಎಲ್ಲ ಸರಿಹೋಗುತ್ತೆ." ಇನ್ನೊಬ್ಬರು ಪಿಂಗನ್ನು (ಸಂದೇಶ ಸರ್ವರಿಗೆ ಹೋಗಿ ಬರಲು ಹಿಡಿಯುವ ಮಿಲಿಸೆಕೆಂಡುಗಳನ್ನು) ಸೊನ್ನೆಗೆ ಇಳಿಸುತ್ತದೆಂದು ಯಾವುದೋ ಬೂಸ್ಟರ್ ಆ್ಯಪಿನ ಹೆಸರು ಕೊಟ್ಟರು.

ಸೊನ್ನೆ ಪಿಂಗ್ ಮಾರುವವರಿಗೂ ತಾಯಿತ ಮಾರುವವರಿಗೂ ನನಗೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಆ ಆಟವನ್ನು ನಡೆಸುವ ಕಂಪ್ಯೂಟರು, ಅಂದರೆ ಸರ್ವರ್, ಇದ್ದದ್ದು ಸಿಂಗಪುರದಲ್ಲಿ. ಚೆನ್ನೈ ಕಡಲತೀರದಿಂದ ಸಿಂಗಪುರಕ್ಕೆ ಸಮುದ್ರದಡಿ ಹಾಸಿರುವ ಕೇಬಲ್ಲಿನ ಉದ್ದ ಸುಮಾರು 3,200 ಕಿಲೋಮೀಟರ್. ಬೆಂಗಳೂರಿನಿಂದ ಚೆನ್ನೈವರೆಗಿನ ದಾರಿ ಸೇರಿಸಿದರೆ 3,500 ಅನ್ನಿ. ನಿರ್ವಾತದಲ್ಲಿ ಸೆಕೆಂಡಿಗೆ ಸುಮಾರು ಮೂರು ಲಕ್ಷ ಕಿಲೋಮೀಟರ್ ಓಡುವ ಬೆಳಕು ಕೇಬಲ್ಲಿನೊಳಗಿನ ಗಾಜಿನ ಎಳೆಯಲ್ಲಿ ಓಡುವುದು ಎರಡು ಲಕ್ಷದಷ್ಟು ಮಾತ್ರ. ಅಂದರೆ ಒಂದು ಮಿಲಿಸೆಕೆಂಡಿಗೆ 200 ಕಿಲೋಮೀಟರ್. ಹೋಗಿ ಬರಲು 7,000 ಕಿಲೋಮೀಟರ್, 35 ಮಿಲಿಸೆಕೆಂಡು. ದಾರಿಯಲ್ಲಿ ಸಿಗುವ ರೌಟರುಗಳು, ಸುತ್ತುಬಳಸು ಹಾದಿ, ಮನೆಯ ವೈಫೈ ಎಲ್ಲ ಸೇರಿ ನನ್ನ ಪರದೆಯ ಮೇಲೆ ಪಿಂಗ್ 70ರ ಆಸುಪಾಸು ಕುಣಿಯುತ್ತಿತ್ತು. ಅದರಲ್ಲಿ ಅರ್ಧದಷ್ಟು ಯಾರ ತಪ್ಪೂ ಅಲ್ಲ. ಅದನ್ನು ಕಡಿಮೆ ಮಾಡಬೇಕಾದರೆ ಬಂಗಾಳ ಕೊಲ್ಲಿಯನ್ನು ಕಿರಿದು ಮಾಡಬೇಕು.

ಪ್ಯಾಕಿನ ವೇಗ ಎಂದು ನಾವು ಕರೆಯುವುದು ಒಂದು ಸೆಕೆಂಡಿನಲ್ಲಿ ಎಷ್ಟು ಮಾಹಿತಿ ಬಂದು ಬೀಳುತ್ತದೆ ಎಂಬ ಲೆಕ್ಕವನ್ನು. ಮೊದಲ ಕಣ ಎಷ್ಟು ಹೊತ್ತಿಗೆ ಬಂದು ಮುಟ್ಟುತ್ತದೆ ಎಂಬುದೇ ಬೇರೆ ಲೆಕ್ಕ. ಮೈಸೂರಿನಿಂದ ಬೆಂಗಳೂರಿಗೆ ಗಂಟೆಗೆ ಹತ್ತು ಬಸ್ಸಿನ ಬದಲು ನೂರು ಬಸ್ಸು ಬಿಟ್ಟರೆ ಹೆಚ್ಚು ಜನ ಬಂದಾರು, ಬೇಗ ಬರಲಾರರು. ಈ ಬಗೆಯ ಆಟಕ್ಕೆ ಬೇಕಾದ ಮಾಹಿತಿಯೋ ತೀರಾ ಅಲ್ಪ, ಒಂದು ಸಾಧಾರಣ ವಿಡಿಯೊ ಕರೆಗೆ ಬೇಕಾದುದಕ್ಕಿಂತಲೂ ಎಷ್ಟೋ ಕಡಿಮೆ. ಮನೆಯಲ್ಲಿ ಇನ್ನೊಬ್ಬರು ದೊಡ್ಡ ಫೈಲು ಕಳಿಸುತ್ತಿದ್ದಾಗ ರೌಟರಿನಲ್ಲಿ ಸಾಲು ಬೆಳೆದು ಪಿಂಗ್ ಏರುವುದುಂಟು; ಅಂಥಲ್ಲಿ ಪ್ಯಾಕ್ ಬದಲಿಸಿದರೆ ಕೊಂಚ ನೆರವಾಗಬಹುದು. ಕೆಲವು ಆ್ಯಪುಗಳು ಬೇರೆ ದಾರಿ ಹಿಡಿಸಿ ಹತ್ತಿಪ್ಪತ್ತು ಮಿಲಿಸೆಕೆಂಡು ಉಳಿಸುವುದೂ ಉಂಟು. ಅಷ್ಟೇ.

ಬೆಳಕಿಗೂ ಹೊತ್ತು ಹಿಡಿಯುತ್ತದೆ ಎಂಬುದು ಮನುಷ್ಯರಿಗೆ ಗೊತ್ತಾದದ್ದೇ ಒಂದು ಲ್ಯಾಗ್‌ನಿಂದ. ಪ್ಯಾರಿಸ್ಸಿನಲ್ಲಿ ಕೆಲಸ ಮಾಡುತ್ತಿದ್ದ ಡೆನ್ಮಾರ್ಕಿನ ಓಲೆ ರೋಮರ್ ಗುರುಗ್ರಹದ ಉಪಗ್ರಹ ಐಓದ ಗ್ರಹಣಗಳನ್ನು ಗಮನಿಸುತ್ತಿದ್ದ. ಗಡಿಯಾರದಂತೆ ನಡೆಯಬೇಕಾದ ಗ್ರಹಣಗಳು ಭೂಮಿ ಗುರುವಿನಿಂದ ದೂರ ಸರಿಯುತ್ತಿದ್ದಾಗ ತಡವಾಗುತ್ತಿದ್ದವು, ಹತ್ತಿರ ಬರುತ್ತಿದ್ದಾಗ ಬೇಗ ಆಗುತ್ತಿದ್ದವು. ತಪ್ಪು ಐಓದ್ದಲ್ಲ, ಸುದ್ದಿ ತಡವಾಗಿ ಬರುತ್ತಿದೆ ಎಂದು ಅವನು 1676ರಲ್ಲಿ ಹೇಳಿದ. ಭೂಮಿಯ ಕಕ್ಷೆಯನ್ನು ಅಡ್ಡ ಹಾಯಲು ಬೆಳಕಿಗೆ 22 ನಿಮಿಷ ಬೇಕೆಂಬುದು ಅವನ ಲೆಕ್ಕ. ಸರಿಯಾದ ಉತ್ತರ ಹದಿನಾರು ಚಿಲ್ಲರೆ ನಿಮಿಷ. ಆ ಕಾಲದ ಗಡಿಯಾರ, ದೂರದರ್ಶಕಗಳನ್ನು ನೆನೆದರೆ ಭಲೇ ಅನ್ನಬೇಕು. ಅವನು ನೋಡಿದ ಐಓ ಹೇಗೆ ಹಳೆಯದೋ, ನನ್ನ ತೋಳವೂ ಹಾಗೆಯೇ ಹಳೆಯದು.

ಸಿಂಗಪುರವನ್ನು ಬಯ್ಯುವ ಮುಂಚೆ ನಮ್ಮ ಮೈಯನ್ನೂ ಒಂದಿಷ್ಟು ವಿಚಾರಿಸಿಕೊಳ್ಳಬೇಕು. 1796ರಲ್ಲಿ ಗ್ರೀನಿಚ್ ವೀಕ್ಷಣಾಲಯದ ಮುಖ್ಯಸ್ಥ ಮಾಸ್ಕೆಲೈನ್ ತನ್ನ ಸಹಾಯಕ ಕಿನೆಬ್ರೂಕನನ್ನು ಕೆಲಸದಿಂದ ತೆಗೆದುಹಾಕಿದ. ನಕ್ಷತ್ರ ದೂರದರ್ಶಕದ ಗೆರೆ ದಾಟುವ ಕ್ಷಣವನ್ನು ಅವನು ಸಾಹೇಬರಿಗಿಂತ 0.8 ಸೆಕೆಂಡು ತಡವಾಗಿ ಬರೆಯುತ್ತಿದ್ದ ಎಂಬುದೇ ದೂರು. ಮುಂದೆ ಪ್ರಷ್ಯಾದ ಕೋನಿಗ್ಸ್‌ಬರ್ಗಿನ ಖಗೋಳಜ್ಞ ಬೆಸೆಲ್ ಕೂತು ಹೋಲಿಸಿ ನೋಡಿದರೆ ಯಾವ ಇಬ್ಬರು ಖಗೋಳಜ್ಞರ ಲೆಕ್ಕವೂ ತಾಳೆಯಾಗುತ್ತಿರಲಿಲ್ಲ. ಒಬ್ಬೊಬ್ಬರ ಕಣ್ಣು-ಕಿವಿ-ಕೈಗೂ ಅದರದೇ ತಡ. ಪಾಪ, ಕಿನೆಬ್ರೂಕನದು ಪಿಂಗ್ ಕೊಂಚ ಜಾಸ್ತಿ, ಅಷ್ಟೇ. ಅದೇ ಕೋನಿಗ್ಸ್‌ಬರ್ಗಿನಲ್ಲಿ ಹೆಲ್ಮ್‌ಹೋಲ್ಟ್ಸ್ ಎಂಬ ಶರೀರವಿಜ್ಞಾನಿ 1850ರಲ್ಲಿ ಕಪ್ಪೆಯ ಕಾಲಿನ ನರದಲ್ಲಿ ಸಂದೇಶ ಓಡುವ ವೇಗವನ್ನೇ ಅಳೆದ. ಅದು ಅಳತೆಗೆ ಸಿಗುವಂಥದ್ದಲ್ಲ ಎಂಬುದು ಅವನ ಗುರುವಿನ ನಂಬಿಕೆಯಾಗಿತ್ತು. ಸಿಕ್ಕ ಉತ್ತರ ಸೆಕೆಂಡಿಗೆ ಸುಮಾರು 30 ಮೀಟರ್. ನಮ್ಮ ಕೈನರಗಳದು ಹೆಚ್ಚುಕಡಿಮೆ 50 ಮೀಟರ್. ಮೆದುಳಿನಿಂದ ಬೆರಳತುದಿಗೆ ಒಂದು ಮೀಟರ್ ದಾರಿ ಸಾಗಲು 20 ಮಿಲಿಸೆಕೆಂಡು ಬೇಕು. ಅಷ್ಟು ಹೊತ್ತಿಗೆ ಗಾಜಿನೆಳೆಯ ಬೆಳಕು ಬೆಂಗಳೂರು ಬಿಟ್ಟು ಸಿಂಗಪುರ ಮುಟ್ಟಿರುತ್ತದೆ! ಕಂಡದ್ದನ್ನು ಅರ್ಥ ಮಾಡಿಕೊಂಡು ಗುಂಡಿ ಒತ್ತಲು ಆರೋಗ್ಯವಂತ ಯುವಕರಿಗೂ 200ರಿಂದ 250 ಮಿಲಿಸೆಕೆಂಡು ಹಿಡಿಯುತ್ತದೆ. ಆ ಲೆಕ್ಕದ ಪಕ್ಕದಲ್ಲಿ 70 ಏನು ಮಹಾ?

ಆದರೂ 70 ನಮಗೆ ಗೊತ್ತಾಗುತ್ತದೆ. ಮೈಯ ತಡಕ್ಕೆ ಮೆದುಳು ಹುಟ್ಟಿನಿಂದ ಒಗ್ಗಿಹೋಗಿದೆ, ತಂತಿಯ ತಡಕ್ಕೆ ಒಗ್ಗಿಲ್ಲ. ಆದ್ದರಿಂದ ಆಟ ಕಟ್ಟುವವರು ಅದನ್ನು ಬಚ್ಚಿಡುತ್ತಾರೆ. ಈ ಬಚ್ಚಿಡುವ ವಿದ್ಯೆಯೇ ನನಗೆ ಆಟಕ್ಕಿಂತ ದೊಡ್ಡ ಮಾಯಾಜಾಲವಾಗಿ ಕಾಣುತ್ತದೆ.

ನೀವು ಮುಂದಕ್ಕೆ ನಡೆಯುವ ಗುಂಡಿ ಒತ್ತಿದಾಗ ನಿಮ್ಮ ಕಂಪ್ಯೂಟರು ಸರ್ವರಿನ ಅಪ್ಪಣೆಗೆ ಕಾಯುವುದಿಲ್ಲ. ಹೇಗೂ ಒಪ್ಪಿಗೆ ಸಿಕ್ಕೇ ಸಿಗುತ್ತದೆ ಎಂಬ ಧೈರ್ಯದಲ್ಲಿ ಪಾತ್ರವನ್ನು ಆಗಲೇ ನಡೆಸಿಬಿಡುತ್ತದೆ. 1996ರಲ್ಲಿ ಕ್ವೇಕ್ ಆಟವನ್ನು ಕುಂಟುವ ಮೋಡೆಮ್‌ಗಳ ಮೇಲೆ ಆಡುವಂತೆ ಮಾಡಲು ಅದರ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್ ಈ ಉಪಾಯ ಬಳಸಿದ ಮೇಲೆ ಇದು ಎಲ್ಲ ಕಡೆ ಹಬ್ಬಿತು. ಊಹೆ ಸರಿಯಾದಾಗ ನಿಮಗೆ ಏನೂ ತಿಳಿಯುವುದಿಲ್ಲ. ತಪ್ಪಿದರೆ, ಅಂದರೆ ಯಾರೋ ಹಾಕಿದ ಮಂತ್ರದಿಂದ ನಿಮ್ಮ ಕಾಲು ಆಗಲೇ ಕಟ್ಟಿಹೋಗಿದ್ದರೆ, ಸರ್ವರ್ ನಿಮ್ಮನ್ನು ಹಿಂದಿನ ಜಾಗಕ್ಕೆ ಎಳೆದು ನಿಲ್ಲಿಸುತ್ತದೆ. ಬೀಟಾದಲ್ಲಿ ಪಾತ್ರಗಳು ರಬ್ಬರಿಗೆ ಕಟ್ಟಿದಂತೆ ಹಿಂದಕ್ಕೆ ಚಿಮ್ಮುವುದು ಇದರಿಂದಲೇ.

ತೋಳದ ಕಥೆ ಬೇರೆ. ಅದು ಮುಂದೆ ಏನು ಮಾಡುತ್ತದೆ ಎಂಬುದು ನಿಮ್ಮ ಕಂಪ್ಯೂಟರಿಗೆ ಗೊತ್ತಿಲ್ಲ. ಅದಕ್ಕೆ ಎರಡು ದಾರಿಗಳಿವೆ. ಮೊದಲನೆಯದು ಹಳೆಯ ನಾವಿಕರದು: ಕೊನೆಯ ಬಾರಿ ಕಂಡ ಜಾಗ, ಹೋಗುತ್ತಿದ್ದ ದಿಕ್ಕು, ವೇಗ, ಕಳೆದ ಹೊತ್ತು ಇಷ್ಟನ್ನಿಟ್ಟುಕೊಂಡು ಈಗ ಎಲ್ಲಿರಬಹುದೆಂದು ಲೆಕ್ಕ ಹಾಕುವುದು. ದಡ ಕಾಣದ ಕಡಲಲ್ಲಿ ಹಡಗಿನ ವೇಗ ತಿಳಿಯಲು ಅವರು ಗಂಟು ಹಾಕಿದ ಹಗ್ಗವನ್ನು ನೀರಿಗೆ ಬಿಟ್ಟು, ಮರಳುಗಡಿಯಾರ ಬರಿದಾಗುವಷ್ಟರಲ್ಲಿ ಎಷ್ಟು ಗಂಟು ಜಾರಿದವೆಂದು ಎಣಿಸುತ್ತಿದ್ದರು. ಹಡಗಿನ ವೇಗವನ್ನು ಇಂದಿಗೂ ಗಂಟುಗಳಲ್ಲೇ ಹೇಳುವುದು ಅದಕ್ಕೆ. 1980ರ ದಶಕದಲ್ಲಿ ಅಮೆರಿಕದ ಸೇನೆ ಟ್ಯಾಂಕ್ ಯುದ್ಧದ ತರಬೇತಿಗೆ ಕಟ್ಟಿದ ಸಿಮ್‌ನೆಟ್ ಜಾಲದಲ್ಲಿ ಈ ಲೆಕ್ಕ ಕಂಪ್ಯೂಟರಿಗೆ ಬಂತು. ಅಲ್ಲಿ ಒಂದು ಸೊಗಸಾದ ಜಾಣತನವಿದೆ. ಪ್ರತಿ ಯಂತ್ರವೂ ತನ್ನ ಟ್ಯಾಂಕ್ ನಿಜವಾಗಿ ಎಲ್ಲಿದೆ ಎಂಬುದರ ಜತೆಗೆ, ಬೇರೆಯವರು ಅದು ಎಲ್ಲಿದೆಯೆಂದು ಊಹಿಸುತ್ತಿರಬಹುದು ಎಂಬುದನ್ನೂ ಲೆಕ್ಕ ಹಾಕುತ್ತಿತ್ತು. ನಿಜಕ್ಕೂ ಊಹೆಗೂ ಅಂತರ ಮಿತಿ ಮೀರಿದಾಗಲೇ ಹೆಚ್ಚಾಗಿ "ನಾನು ಇಲ್ಲಿದ್ದೇನೆ" ಎಂದು ಎಲ್ಲರಿಗೂ ಸಾರುತ್ತಿತ್ತು. ನೇರ ಹೋಗುತ್ತಿರುವ ಟ್ಯಾಂಕು ಬಾಯಿ ಬಿಡಬೇಕಾದದ್ದು ಅಪರೂಪ.

ಎರಡನೆಯ ದಾರಿಯಲ್ಲಿ ಊಹೆಯ ಗೊಡವೆಯೇ ಇಲ್ಲ, ಬೇಕೆಂದೇ ತಡ ಮಾಡಿ ತೋರಿಸುತ್ತಾರೆ. ಸರ್ವರಿನಿಂದ ಬಂದ ಎರಡು ಸುದ್ದಿಗಳನ್ನು ಕೈಯಲ್ಲಿಟ್ಟುಕೊಂಡು ಅವುಗಳ ನಡುವಿನ ಓಟವನ್ನು ನಯವಾಗಿ ಬಿಡಿಸುತ್ತಾರೆ. ಇದಕ್ಕೆ ಸೆಕೆಂಡಿನ ಹತ್ತನೇ ಒಂದು ಪಾಲಿನಷ್ಟು ಹಳೆಯ ಚಿತ್ರ ತೋರಿಸಿದರೆ ಸಾಕು. ದಾರಿಯ ತಡವೂ ಸೇರಿ, ಸೆಕೆಂಡಿಗೆ ಎಂಟು ಮೀಟರ್ ಓಡುವ ತೋಳ ನಿಮ್ಮ ಪರದೆಯಲ್ಲಿ ಕಂಡ ಜಾಗದಿಂದ ಒಂದು ಮೀಟರಿಗೂ ಆಚೆ ಹೋಗಿರುತ್ತದೆ. ನಿಮ್ಮ ಪಾತ್ರ ಭವಿಷ್ಯದಲ್ಲಿ ಓಡಾಡುತ್ತಿದೆ, ತೋಳ ಭೂತಕಾಲದಲ್ಲಿ. ಇಬ್ಬರೂ ಒಂದೇ ಪರದೆಯ ಮೇಲೆ!

ಫ್ಯಾಂಟಸಿ ಆಟಗಳಲ್ಲಿ ಮಂತ್ರ ಹಾಕಲು ಎರಡು ಮೂರು ಸೆಕೆಂಡು ಏಕೆ ಹಿಡಿಯುತ್ತದೆ? ಪುರಾಣದ ವೀರರು ಅಸ್ತ್ರ ಬಿಡುವ ಮುನ್ನ ಜಪಿಸುತ್ತಿದ್ದರಲ್ಲ, ಅದೇ ಠೀವಿ ಅಂದುಕೊಳ್ಳಬಹುದು. ಆಟದ ತೂಕ ಸರಿದೂಗಿಸುವುದಕ್ಕೂ ಅದು ಬೇಕು. ಆದರೆ ಮಂತ್ರವಾದಿ ಕೈ ಆಡಿಸುತ್ತಿರುವಷ್ಟು ಹೊತ್ತಿನಲ್ಲಿ ಸಂದೇಶ ಸಿಂಗಪುರಕ್ಕೆ ಹತ್ತಾರು ಬಾರಿ ಹೋಗಿ ಬರಬಹುದು. ತಡವೆಲ್ಲ ಆ ಕೈಯಾಟದೊಳಗೆ ಕರಗಿಹೋಗುತ್ತದೆ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ ಒಂದು ಮಂತ್ರಕ್ಕೂ ಇನ್ನೊಂದಕ್ಕೂ ನಡುವೆ ಸಾಮಾನ್ಯವಾಗಿ ಒಂದೂವರೆ ಸೆಕೆಂಡು ಕಾಯಬೇಕು. 2001ರಲ್ಲಿ ಶುರುವಾದ ರೂನ್‌ಸ್ಕೇಪ್ ಬೇರೆ ಬಗೆಯ ನಿಧಾನಿ: ಅದರ ಜಗತ್ತು ಪ್ರತಿ 0.6 ಸೆಕೆಂಡಿಗೊಮ್ಮೆ ಮಾತ್ರ ಮುಂದೆ ಸರಿಯುತ್ತದೆ. ಆ ಮಿಡಿತಕ್ಕೆ ಸರಿಯಾಗಿ ಕ್ಲಿಕ್ಕಿಸಿ ಲಾಭ ಮಾಡಿಕೊಳ್ಳುವುದನ್ನೇ ಅದರ ನುರಿತ ಆಟಗಾರರು ಒಂದು ಕಲೆಯಾಗಿ ಬೆಳೆಸಿದ್ದಾರೆ.

ಇಷ್ಟೆಲ್ಲ ತಡಗಳ ನಡುವೆ ಯಾರು ಮೊದಲು ಹೊಡೆದರು ಎಂಬುದಕ್ಕೆ ಉತ್ತರವೇನು? "ನಾನೇ ಮೊದಲು ಒತ್ತಿದ್ದು" ಎಂದು ಇಬ್ಬರು ಜಗಳ ಕಾಯುತ್ತಾರೆ. ಹಲವು ಕಂಪ್ಯೂಟರುಗಳು ದೂರದೂರ ಇದ್ದಾಗ ಘಟನೆಗಳ ಹಿಂದುಮುಂದನ್ನು ಹೇಗೆ ಗೊತ್ತುಮಾಡುವುದು ಎಂದು ಕಂಪ್ಯೂಟರ್ ವಿಜ್ಞಾನಿ ಲೆಸ್ಲಿ ಲ್ಯಾಂಪೋರ್ಟ್ 1978ರಲ್ಲಿ ಒಂದು ಪ್ರಬಂಧ ಬರೆದರು. ಅದರ ಪ್ರೇರಣೆ ಐನ್‌ಸ್ಟೈನರ ಸಾಪೇಕ್ಷತೆ. ಒಂದರ ಸುದ್ದಿ ಇನ್ನೊಂದಕ್ಕೆ ಮುಟ್ಟುವ ಮೊದಲೇ ಎರಡೂ ನಡೆದುಹೋಗಿದ್ದರೆ, ಆ ಸಂದೇಶಗಳ ಮಟ್ಟಿಗೆ ಯಾವುದು ಮೊದಲು ಎಂಬ ಪ್ರಶ್ನೆಗೆ ಅರ್ಥವೇ ಇಲ್ಲ. ಜಗಳ ನಿಲ್ಲಬೇಕಾದರೆ ಯಾವುದೋ ಒಂದು ನಿಯಮವನ್ನು ಎಲ್ಲರೂ ಒಪ್ಪಬೇಕು. ಇಂಥ ಬಹಳಷ್ಟು ಆಟಗಳಲ್ಲಿ ನಿಯಮ ಸರಳ: ಸರ್ವರಿಗೆ ಯಾರ ಸಂದೇಶ ಮೊದಲು ಮುಟ್ಟಿತೋ ಅವರು ಮೊದಲು. ಸಿಂಗಪುರದ ಹುಡುಗನಿಗೆ ಇದರಲ್ಲಿ ಲಾಭವಿದೆ, ನಿಜ.

ಬೀಟಾ ಎಂದರೆ ಪುಕ್ಕಟೆಯಾಗಿ ಮುಂಚೆಯೇ ಆಡಲು ಸಿಗುವ ಅವಕಾಶವೆಂದು ತಿಳಿದವರೇ ಜಾಸ್ತಿ. ಕಂಪನಿಗೆ ಬೇಕಾದದ್ದು ನಮ್ಮ ಗದ್ದಲ. ಸಾವಿರಾರು ಜನ ಒಂದೇ ಚೌಕದಲ್ಲಿ ನೆರೆದರೆ ಒಬ್ಬೊಬ್ಬರ ಚಲನೆಯನ್ನೂ ಉಳಿದವರಿಗೆಲ್ಲ ತಿಳಿಸಬೇಕು. ಜನ ಹತ್ತು ಪಟ್ಟಾದರೆ ಸುದ್ದಿ ನೂರು ಪಟ್ಟು. 1997ರ ಆಗಸ್ಟ್‌ನಲ್ಲಿ ಅಲ್ಟಿಮಾ ಆನ್‌ಲೈನ್ ಬೀಟಾದ ಕೊನೆಗೆ ಇಂಥದೇ ಭಾರಪರೀಕ್ಷೆ ನಡೆದಿತ್ತು. ಆಟದ ಕರ್ತೃ ರಿಚರ್ಡ್ ಗ್ಯಾರಿಯಟ್ ತಾವೇ ಲಾರ್ಡ್ ಬ್ರಿಟಿಷ್ ಎಂಬ ರಾಜನಾಗಿ ಪ್ರಜೆಗಳಿಗೆ ದರ್ಶನ ಕೊಡುತ್ತಿದ್ದರು. ಅದಕ್ಕೆ ಮುಂಚೆ ಸರ್ವರ್ ಕುಸಿದು ಮತ್ತೆ ಎದ್ದಿತ್ತು. ರಾಜನಿಗಿದ್ದ ಸಾವಿಲ್ಲದ ವರವನ್ನು ಮತ್ತೆ ಹಾಕಿಕೊಳ್ಳುವುದು ಮರೆತುಹೋಗಿತ್ತು. ಆಟಗಾರನೊಬ್ಬ ಸುಮ್ಮನೆ ನೋಡೋಣವೆಂದು ಬೆಂಕಿಯ ಮಂತ್ರ ಎಸೆದ. ರಾಜ ಸತ್ತ.

ಬಾಹ್ಯಾಕಾಶದ ಆಟ ಈವ್ ಆನ್‌ಲೈನ್ ಇಂಥ ನೂಕುನುಗ್ಗಲಿಗೆ ಒಂದು ಉಪಾಯ ಹೂಡಿತು. ಸರ್ವರಿಗೆ ಉಸಿರು ಕಟ್ಟಿದಾಗ ಅಲ್ಲಿ ಕಾಲವನ್ನೇ ನಿಧಾನ ಮಾಡುತ್ತಾರೆ, ಹತ್ತನೇ ಒಂದು ಪಾಲಿನವರೆಗೂ. 2014ರ ಜನವರಿ 27-28ರಂದು ನಡೆದ ಅದರ ಮಹಾಯುದ್ಧ 21 ಗಂಟೆ ಎಳೆಯಲು ಇದೂ ಕಾರಣ. ಊಟ ಮಾಡಿ, ಮಲಗೆದ್ದು ಬಂದವರಿಗೂ ಯುದ್ಧ ಉಳಿದಿತ್ತು.

ಲ್ಯಾಗ್ ಬೇಕೆಂದು ಕೇಳಿದವರೂ ಇದ್ದಾರೆ ಎಂದರೆ ನಂಬುತ್ತೀರಾ? ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಮೊದಲು ಬಂದಾಗ ಅದರ ಸರ್ವರ್ ಹಲವು ಮಂತ್ರಗಳನ್ನು 400 ಮಿಲಿಸೆಕೆಂಡಿಗೊಮ್ಮೆ ಕಂತೆ ಕಟ್ಟಿ ವಿಚಾರಿಸುತ್ತಿತ್ತು. ಒಂದೇ ಕಂತೆಯಲ್ಲಿ ಸಿಕ್ಕ ಇಬ್ಬರು ಮಂತ್ರವಾದಿಗಳು ಒಬ್ಬರನ್ನೊಬ್ಬರು ಒಟ್ಟಿಗೇ ಕುರಿ ಮಾಡಿಬಿಡುತ್ತಿದ್ದರು. ಯಂತ್ರಗಳು ಸುಧಾರಿಸಿದ ಮೇಲೆ ಇದು ಮಾಯವಾಯಿತು. 2019ರಲ್ಲಿ ಹಳೆಯ ಆಟವನ್ನು ಇದ್ದ ಹಾಗೇ ಮತ್ತೆ ಬಿಟ್ಟಾಗ, ಆ 400 ಮಿಲಿಸೆಕೆಂಡನ್ನು ಎಂಜಿನಿಯರುಗಳು ಕಷ್ಟಪಟ್ಟು ಕೃತಕವಾಗಿ ಸೇರಿಸಿದರು. ಎರಡು ವರ್ಷ ಆಡಿದ ಜನಕ್ಕೆ ಸಾಕಾಯಿತು. 2021ರಲ್ಲಿ ಅದನ್ನು 10 ಮಿಲಿಸೆಕೆಂಡಿಗೆ ಇಳಿಸಿದರು.