ಹಳೇ ಫೋನ್ ಎಕ್ಸ್‌ಚೇಂಜ್‌ಗೆ ಕೊಡೋ ಮುಂಚೆ ಎಲ್ಲಾ ಡಿಲೀಟ್ ಮಾಡಿದರೆ ಸಾಕಾ?

ಪ್ರಶ್ನೆ: ಮಡಿಕೇರಿಯಿಂದ ಸ್ವಲ್ಪ ಒಳಗೆ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ಐದಾರು ವರ್ಷದಿಂದ ಒಂದೇ ಫೋನ್. ಬುಕಿಂಗ್, ಗೆಸ್ಟ್‌ಗಳ ಆಧಾರ್ ಫೋಟೋ, ತೋಟದ ಲೆಕ್ಕ, ಬ್ಯಾಂಕ್, ಎಲ್ಲಾ ಅದರಲ್ಲೇ. ಈಗ ಮಗಳು ಹೊಸದು ತೆಗೆದುಕೊಡುತ್ತಿದ್ದಾಳೆ, ಹಳೇದನ್ನು ಎಕ್ಸ್‌ಚೇಂಜ್‌ಗೆ ಹಾಕೋಣ ಅಂತಾಳೆ. ಗ್ಯಾಲರಿ ಪೂರ್ತಿ ಡಿಲೀಟ್ ಮಾಡಿದ್ದೇನೆ. ಆದರೂ ಅಂಗಡಿಯವರು ಎಲ್ಲಾ ವಾಪಸ್ ತೆಗೆಯುತ್ತಾರೆ ಅಂತ ಜನ ಹೆದರಿಸುತ್ತಾರೆ. ನಿಜವಾ?

ಉತ್ತರ: ಬರೀ ಡಿಲೀಟ್ ಮಾಡಿ ಕೊಟ್ಟರೆ ಆ ಹೆದರಿಕೆ ನಿಜವೇ. ಸರಿಯಾಗಿ ಫ್ಯಾಕ್ಟರಿ ರೀಸೆಟ್ ಮಾಡಿ ಕೊಟ್ಟರೆ ಹೆಚ್ಚುಕಮ್ಮಿ ಬಿಟ್ಟುಬಿಡಬಹುದು. ಆದರೆ ನಿಮ್ಮ ಪ್ರಶ್ನೆ ಓದಿದಾಗ ನನಗೆ ಜಾಸ್ತಿ ಚಿಂತೆ ಹತ್ತಿದ್ದು ಮನೆಗೆ ಬರುತ್ತಿರುವ ಹೊಸ ಫೋನಿನ ಬಗ್ಗೆ. ಅದನ್ನು ಆಮೇಲೆ ಹೇಳುತ್ತೇನೆ, ಮೊದಲು ಹಳೇದರ ಕಥೆ ಮುಗಿಸೋಣ.

ಗ್ಯಾಲರಿಯಲ್ಲಿ ಅಳಿಸಿದ ಫೋಟೋ ಮೊದಲು ಕಸದ ಬುಟ್ಟಿಗೆ ಹೋಗುತ್ತದೆ. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆದ ಫೋಟೋಗಳು ಅಲ್ಲಿ 60 ದಿನ ಇರುತ್ತವೆ. ಬುಟ್ಟಿ ಖಾಲಿ ಮಾಡಿದ ಮೇಲೂ ಫೋನು ಮಾಡುವುದು ಇಷ್ಟೇ: ಆ ಜಾಗ ಇನ್ನು ಖಾಲಿ ಅಂತ ಗುರುತು ಹಾಕಿಕೊಳ್ಳುತ್ತದೆ. ತೋಟದ ಚೆಕ್‌ರೋಲಿನಲ್ಲಿ, ಅಂದರೆ ಹಾಜರಿ ಪುಸ್ತಕದಲ್ಲಿ, ಕೆಲಸದವರ ಹೆಸರು ಹೊಡೆದು ಹಾಕಿದ ಮಾತ್ರಕ್ಕೆ ಅವರು ತೋಟದ ಲೈನ್ ಮನೆ ಖಾಲಿ ಮಾಡಿದ ಹಾಗೆ ಆಗುವುದಿಲ್ಲ ಅಲ್ವಾ, ಹಾಗೆ. ಹೊಸದೇನಾದರೂ ಬಂದು ಆ ಜಾಗದಲ್ಲಿ ಕೂರುವ ತನಕ ಹಳೇದು ಅಲ್ಲೇ ಇರಬಹುದು. ರಿಕವರಿ ಆ್ಯಪ್‌ಗಳು ಹುಡುಕುವುದು ಅದನ್ನೇ.

ಫ್ಯಾಕ್ಟರಿ ರೀಸೆಟ್‌ನ ಶಕ್ತಿ ಬೇರೆ ಕಡೆ ಇದೆ. ಈಗಿನ ಫೋನುಗಳು ಒಳಗಿರುವುದನ್ನೆಲ್ಲ ಗೂಢಲಿಪಿಯಲ್ಲೇ ಬರೆದಿಡುತ್ತವೆ. ಓದಲು ಬೇಕಾದ ಕೀಲಿ ಫೋನಿನೊಳಗೇ ಇರುತ್ತದೆ. ರೀಸೆಟ್ ಮಾಡಿದಾಗ ಆ ಕೀಲಿ ನಾಶವಾಗುತ್ತದೆ. ಆಮೇಲೆ ಯಾರಾದರೂ ಮೆಮೊರಿ ಕೆದಕಿದರೂ ಸಿಗುವುದು ಅರ್ಥವಾಗದ ಕಸ. 2019ರ ಆಂಡ್ರಾಯ್ಡ್ 10 ಹಾಕಿಕೊಂಡೇ ಮಾರುಕಟ್ಟೆಗೆ ಬಂದ ಎಲ್ಲಾ ಫೋನುಗಳಿಗೂ, ಅಗ್ಗದ್ದಕ್ಕೂ ಸೇರಿ, ಇದು ಕಡ್ಡಾಯ. ಐಫೋನ್‌ಗಳಲ್ಲಿ ಇನ್ನೂ ಮುಂಚಿನಿಂದ ಇದೆ. ನಿಮ್ಮದು ಅದಕ್ಕಿಂತ ಹಳೇದೇನೋ ಅಂತ ಅನುಮಾನ ಇದ್ದರೆ ಸೆಟ್ಟಿಂಗ್ಸ್‌ನ ಸೆಕ್ಯುರಿಟಿ ಭಾಗದಲ್ಲಿ ಎನ್‌ಕ್ರಿಪ್ಟೆಡ್ ಅಂತ ಇದೆಯಾ ನೋಡಿ.

ರೀಸೆಟ್ ಮುಟ್ಟದ ಒಂದು ವಸ್ತು ಇದೆ: ಮೆಮೊರಿ ಕಾರ್ಡ್. ಸಾಮಾನ್ಯವಾಗಿ ಅದರಲ್ಲಿರುವುದು ಗೂಢಲಿಪಿಯಲ್ಲೂ ಇರುವುದಿಲ್ಲ. ಯಾವ ಲ್ಯಾಪ್‌ಟಾಪಿಗೆ ಹಾಕಿದರೂ ತೆರೆದುಕೊಳ್ಳುತ್ತದೆ. ಸಿಮ್ ತೆಗೆಯಲು ಎಲ್ಲರಿಗೂ ನೆನಪಿರುತ್ತದೆ, ಅದೇ ಟ್ರೇಯಲ್ಲಿ ಪಕ್ಕದಲ್ಲೇ ಕೂತಿರುವ ಕಾರ್ಡ್ ಮರೆತುಹೋಗುತ್ತದೆ. ಅದನ್ನು ತೆಗೆದು ಮನೆಯಲ್ಲೇ ಇಟ್ಟುಕೊಳ್ಳಿ. ಅದಕ್ಕೆ ಎಕ್ಸ್‌ಚೇಂಜ್‌ನಲ್ಲಿ ಒಂದು ರೂಪಾಯಿಯೂ ಸಿಗುವುದಿಲ್ಲ.

ಇನ್ನು ರೀಸೆಟ್ ಯಾವಾಗ ಮಾಡಬೇಕು ಅನ್ನುವುದು. ಮಗಳು ಊರಿಗೆ ಬಂದ ದಿನವೇ ಎಲ್ಲಾ ಮುಗಿಸಿಬಿಡೋಣ ಅಂತ ಅವಸರ ಮಾಡಬೇಡಿ, ಅದರಲ್ಲೂ ಮಳೆಗಾಲದಲ್ಲಿ. ಯುಪಿಐ ಆ್ಯಪ್ ಹೊಸ ಫೋನಿನಲ್ಲಿ ಶುರುವಾಗಬೇಕಾದರೆ ನಿಮ್ಮ ಸಿಮ್ಮಿನಿಂದ ತಾನೇ ಒಂದು ಎಸ್ಎಂಎಸ್ ಕಳಿಸುತ್ತದೆ. ಈ ಸಿಮ್ ಈ ಫೋನಿನಲ್ಲೇ ಇದೆ ಅಂತ ಖಾತ್ರಿ ಮಾಡಿಕೊಳ್ಳುವ ದಾರಿ ಅದು. ಜೂನ್, ಜುಲೈನಲ್ಲಿ ನಮ್ಮ ಕಡೆ ಹೇಗಿರುತ್ತೆ ಗೊತ್ತಲ್ಲ. ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಟವರೂ ಹೋಗುತ್ತದೆ. ಮನೆಯಲ್ಲಿ ವೈಫೈ ಚೆನ್ನಾಗಿದ್ದರೂ ಆ ಎಸ್ಎಂಎಸ್ ಹೋಗದೆ ಆ್ಯಪ್ ಸುತ್ತುತ್ತಲೇ ಇರುತ್ತದೆ. ಅಷ್ಟರಲ್ಲಿ ಹಳೇ ಫೋನೂ ರೀಸೆಟ್ ಆಗಿದ್ದರೆ ಎರಡೂ ಇಲ್ಲ. ಸಿಗ್ನಲ್ ಸಿಗುವ ಕಡೆ ಹೋಗಿ ಬ್ಯಾಂಕ್, ಯುಪಿಐ, ವಾಟ್ಸಾಪ್ ಮೂರೂ ಹೊಸದರಲ್ಲಿ ನಡೆಯುತ್ತವಾ ನೋಡಿ. ಒಂದೆರಡು ದಿನ ಬಳಸಿ. ಆಮೇಲೆ ಹಳೇದಕ್ಕೆ ಕೈ ಹಾಕಿ.

ರೀಸೆಟ್ ಒತ್ತುವ ಮುಂಚೆ ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್‌ಗೆ ಹೋಗಿ ಗೂಗಲ್ ಖಾತೆಯನ್ನು ತೆಗೆದುಬಿಡಿ. 2015ರಲ್ಲಿ ಬಂದ ಆಂಡ್ರಾಯ್ಡ್ 5.1ರಿಂದ ಒಂದು ಕಳ್ಳತನ ತಡೆ ಇದೆ. ಖಾತೆ ತೆಗೆಯದೆ ಫೋನ್ ಅಳಿಸಿದರೆ ಮತ್ತೆ ಆನ್ ಮಾಡುವಾಗ ಹಳೇ ಮಾಲೀಕರ ಖಾತೆಯನ್ನು ಕೇಳಬಹುದು. ಐಫೋನ್ ಆದರೆ ಕಳೆದ ಫೋನ್ ಹುಡುಕುವ ಫೈಂಡ್ ಮೈ ಸೌಲಭ್ಯವನ್ನು ಆಫ್ ಮಾಡಬೇಕು. ಇಲ್ಲದಿದ್ದರೆ ಎಕ್ಸ್‌ಚೇಂಜ್‌ಗೆ ತೆಗೆದುಕೊಂಡವರು ಸಂಜೆ ಫೋನ್ ಮಾಡಿ, "ಅಕ್ಕ, ಪಾಸ್‌ವರ್ಡ್ ಸ್ವಲ್ಪ ಹೇಳಿ" ಅಂತಾರೆ. ನೀವೂ ಪಾಪ ಅಂತ ಹೇಳಿಬಿಡುತ್ತೀರಿ. ಆ ಒಂದು ಪಾಸ್‌ವರ್ಡಿನ ಹಿಂದೆ ನಿಮ್ಮ ಮೇಲ್, ಫೋಟೋ, ಕಾಂಟ್ಯಾಕ್ಟ್ ಎಲ್ಲಾ ಇದೆ. ಹಳೇ ಫೋನಿನಿಂದ ಕಷ್ಟಪಟ್ಟು ಅಳಿಸಿದ್ದೆಲ್ಲ ಅಲ್ಲಿಂದ ಸಿಗುತ್ತದೆ.

ಈಗ ಹೊಸ ಫೋನಿಗೆ ಬರೋಣ.

ಹೊಸದನ್ನು ಆನ್ ಮಾಡಿದ ಕೂಡಲೇ ಅದು ಕೇಳುತ್ತದೆ, ಹಳೇ ಫೋನಿನಿಂದ ಎಲ್ಲಾ ತರಲಾ ಅಂತ. ನಾವು ಹೂಂ ಅಂತೇವೆ. ಐದಾರು ವರ್ಷದ ಎಲ್ಲಾ ಗೆಸ್ಟ್‌ಗಳ ಆಧಾರ್ ಕಾರ್ಡೂ ಜೊತೆಗೇ ಬರುತ್ತದೆ. ನೀವು ಗ್ಯಾಲರಿ ಅಳಿಸಿದ್ದರೂ ವಾಟ್ಸಾಪ್ ಬ್ಯಾಕಪ್‌ನಲ್ಲಿ, ಗೆಸ್ಟ್‌ಗಳ ಜೊತೆಗಿನ ಚಾಟ್‌ನಲ್ಲಿ ಅವು ಇನ್ನೂ ಇರಬಹುದು. ರಿಸೆಪ್ಷನ್ ಲ್ಯಾಪ್‌ಟಾಪಿನಲ್ಲಿ ವಾಟ್ಸಾಪ್ ತೆರೆದಿಟ್ಟಿದ್ದರೆ ಡೌನ್‌ಲೋಡ್ಸ್ ಫೋಲ್ಡರಿನಲ್ಲೂ ಇರಬಹುದು, ಅದನ್ನೂ ಒಮ್ಮೆ ತೆರೆದು ನೋಡಿ. ನಿಮ್ಮ ಹತ್ತಿರ ಗೂಗಲ್ ಫೋಟೋಸ್ ಇದ್ದರೆ ಹುಡುಕುವ ಜಾಗದಲ್ಲಿ ಕಾರ್ಡಿನ ಮೇಲೆ ಇಂಗ್ಲಿಷಿನಲ್ಲಿ ಅಚ್ಚಾಗಿರುವ ಗವರ್ನಮೆಂಟ್ ಆಫ್ ಇಂಡಿಯಾ ಅನ್ನುವ ಪದಗಳನ್ನು ಟೈಪ್ ಮಾಡಿ. ಫೋಟೋದೊಳಗಿನ ಅಕ್ಷರವನ್ನೂ ಅದು ಓದುತ್ತದೆ. ಒಂದರ ಕೆಳಗೆ ಒಂದು ಸಾಲಾಗಿ ಕಾರ್ಡುಗಳು ಬರುತ್ತವೆ: ಯಾವುದೋ ಅಜ್ಜಿಯದ್ದು, ಹನಿಮೂನಿಗೆ ಬಂದವರದ್ದು, ಕಾಲೇಜು ಹುಡುಗರದ್ದು, ಹಿಂದೆ ನಿಮ್ಮ ಊಟದ ಮೇಜಿನ ಬಟ್ಟೆ. ನೀವು ಹುಡುಕಿದಷ್ಟೇ ಸಲೀಸಾಗಿ ನಿಮ್ಮ ಖಾತೆಗೆ ನುಗ್ಗಿದವರೂ ಹುಡುಕುತ್ತಾರೆ.

2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿ ಒಂದು ಪ್ರಕಟಣೆ ಹೊರಡಿಸಿತ್ತು. ಹೋಟೆಲ್, ಚಿತ್ರಮಂದಿರದಂಥ ಪರವಾನಗಿ ಇಲ್ಲದ ಖಾಸಗಿಯವರು ಆಧಾರ್ ಪ್ರತಿ ತೆಗೆದು ಇಟ್ಟುಕೊಳ್ಳುವಂತಿಲ್ಲ, ಕೊಡುವುದಿದ್ದರೆ ಮಾಸ್ಕ್ಡ್ ಆಧಾರ್ ಕೊಡಿ ಅಂತ. ಎರಡೇ ದಿನಕ್ಕೆ, ತಪ್ಪಾಗಿ ಅರ್ಥವಾಗಬಹುದು ಅಂತ ಹೇಳಿ ಕೇಂದ್ರ ಅದನ್ನು ವಾಪಸ್ ಪಡೆಯಿತು. ಪ್ರಕಟಣೆ ಹೋಯಿತು, ಮಾಸ್ಕ್ಡ್ ಆಧಾರ್ ಇನ್ನೂ ಇದೆ. ಅದರಲ್ಲಿ ಮೊದಲ 8 ಅಂಕಿ ಮುಚ್ಚಿರುತ್ತದೆ, ಕೊನೆಯ 4 ಮಾತ್ರ ಕಾಣುತ್ತದೆ. ಆಧಾರ್‌ಗೆ ಮೊಬೈಲ್ ನಂಬರ್ ಜೋಡಿಸಿದವರು ತಮ್ಮದನ್ನು ಪ್ರಾಧಿಕಾರದ ವೆಬ್‌ಸೈಟಿನಿಂದ ಇಳಿಸಿಕೊಳ್ಳಬಹುದು. ಬುಕಿಂಗ್ ಖಚಿತ ಮಾಡುವ ಮೆಸೇಜಿನಲ್ಲೇ "ಮಾಸ್ಕ್ಡ್ ಆಧಾರ್ ತನ್ನಿ" ಅಂತ ಒಂದು ಸಾಲು ಸೇರಿಸಿ. ನನ್ನ ಪ್ರಕಾರ ಇದರಿಂದ ಗೆಸ್ಟ್‌ಗಳಿಗೆ ನಿಮ್ಮ ಮೇಲೆ ನಂಬಿಕೆ ಜಾಸ್ತಿಯೇ ಆಗುತ್ತದೆ.

ಹಾಗಂತ ಗುರುತಿನ ಚೀಟಿ ನೋಡದೆ ರೂಮ್ ಕೊಡಿ ಅಂತ ನಾನು ಹೇಳುತ್ತಿಲ್ಲ. ಬಂದವರ ಹೆಸರು, ವಿಳಾಸ, ಗಾಡಿ ನಂಬರ್ ರಿಜಿಸ್ಟರಿನಲ್ಲಿ ಇರಲೇಬೇಕು. ವಿದೇಶದವರು ಬಂದರೆ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಅವರ ವಿವರ ತುಂಬಬೇಕು. ನಿಮ್ಮ ಠಾಣೆಯವರು ಪ್ರತಿ ಇಟ್ಟುಕೊಳ್ಳಿ ಅಂದಿದ್ದರೆ ಇಟ್ಟುಕೊಳ್ಳಿ. ಆದರೆ ಅದಕ್ಕೆ ಜಾಗ ನಿಮ್ಮ ಸ್ವಂತ ಫೋನಿನ ಗ್ಯಾಲರಿ ಅಲ್ಲ, ಬೀಗ ಹಾಕುವ ಬೀರು. ಜೆರಾಕ್ಸ್ ಪ್ರತಿ ತಾನಾಗಿ ಮೂರು ಕಡೆ ಬ್ಯಾಕಪ್ ಆಗುವುದಿಲ್ಲ. 2023ರ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆಗೆ 2025ರ ನವೆಂಬರ್‌ನಲ್ಲಿ ನಿಯಮಗಳೂ ಬಂದಿವೆ, ಹಂತಹಂತವಾಗಿ ಜಾರಿಯಾಗುತ್ತಿವೆ. ಕೆಲಸ ಮುಗಿದ ಮೇಲೆ ಬೇರೆಯವರ ಮಾಹಿತಿ ಸುಮ್ನೆ ಇಟ್ಟುಕೊಳ್ಳಬಾರದು ಅನ್ನುವುದು ಅದರ ತಿರುಳುಗಳಲ್ಲಿ ಒಂದು. ತೋಟಕ್ಕೆ ಹೊರಗಿನಿಂದ ಬಂದ ಕೆಲಸದವರ ಕಾರ್ಡ್ ಫೋಟೋ ಇದ್ದರೆ ಅದಕ್ಕೂ ಇದೇ ಮಾತು. ಅವರು ಕೇಳುವುದಿಲ್ಲ ಅಂತ ನಮ್ಮ ಜವಾಬ್ದಾರಿ ಕಡಿಮೆ ಆಗುವುದಿಲ್ಲ.

ನಿಮ್ಮದೇ ಕಾಗದಗಳ ಮಾತು ಬೇರೆ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮನೆ, ಕಾಗದಪತ್ರ ಎಲ್ಲಾ ಕಳೆದುಕೊಂಡವರನ್ನು ನೋಡಿದ ಮೇಲೆ ಪಹಣಿ, ಜಮ್ಮಾ (ಕೊಡಗಿನ ವಂಶಪಾರಂಪರ್ಯದ ಜಮೀನು) ದಾಖಲೆ, ಕೋವಿ ಲೈಸೆನ್ಸ್ ವಿನಾಯಿತಿ ಪತ್ರ ಎಲ್ಲದರ ಫೋಟೋ ಫೋನಿನಲ್ಲಿ ಇಟ್ಟುಕೊಂಡವರು ನನಗೆ ಎಷ್ಟೋ ಜನ ಗೊತ್ತು. ಒಳ್ಳೇ ಅಭ್ಯಾಸ, ಬಿಡಬೇಡಿ. ಅವನ್ನು ಲಾಕ್ ಆಗುವ ಫೋಲ್ಡರಿಗೆ ಹಾಕಿ. ಆಧಾರ್, ಡಿಎಲ್‌ನಂಥವು ಡಿಜಿಲಾಕರ್‌ನಲ್ಲೇ ಸಿಗುತ್ತವೆ, ಅವಕ್ಕೆ ಫೋಟೋ ಬೇಕಾಗಿಯೇ ಇಲ್ಲ. ಫ್ಯಾಮಿಲಿ ಗ್ರೂಪಿಗೆ ಮಾತ್ರ ಹಾಕಬೇಡಿ. ಅದು ಇಪ್ಪತ್ತು ಫೋನುಗಳಿಗೆ ಹೋಗುತ್ತದೆ, ಆ ಇಪ್ಪತ್ತೂ ಒಂದು ದಿನ ಎಕ್ಸ್‌ಚೇಂಜ್‌ಗೆ ಹೋಗುತ್ತವೆ.

ಕೊನೆಗೆ, ನೀವು ಕೇಳದಿದ್ದರೂ ನಮ್ಮ ಮಳೆಯಲ್ಲಿ ಎಲ್ಲರಿಗೂ ಬರುವ ಪ್ರಶ್ನೆ: ಫೋನ್ ಆನ್ ಆಗದಿದ್ದರೆ ಏನು ಮಾಡುವುದು? ರಿಪೇರಿ ಅಂಗಡಿಯಲ್ಲಿ ಪ್ಯಾಟರ್ನ್ ಕೇಳುತ್ತಾರೆ. ಒಂಬತ್ತು ಚುಕ್ಕಿ ಇಟ್ಟು, ಗೆರೆ ಎಳೆದು, ಚೀಟಿಯನ್ನು ಫೋನಿನ ಬೆನ್ನಿಗೇ ಅಂಟಿಸುತ್ತಾರೆ. ಬೀಗದ ಜೊತೆ ಕೀಲಿ! ಬರೀ ಡಿಸ್‌ಪ್ಲೇ, ಬ್ಯಾಟರಿ ಹಾಕಿಸಲು ಪ್ಯಾಟರ್ನ್ ಬೇಕಾಗಿಲ್ಲ, ಎದುರಿಗೇ ನಿಂತು ನೀವೇ ತೆರೆದು ತೋರಿಸಬಹುದು. ಫೋನ್ ಬದುಕಿದ್ದು ಬರೀ ರಿಪೇರಿಗೆ ಕೊಡುವುದಾದರೆ ಈಚಿನ ಸ್ಯಾಮ್‌ಸಂಗ್‌ಗಳಲ್ಲಿ ಮೇಂಟೆನೆನ್ಸ್ ಮೋಡ್ ಇದೆ, ಪಿಕ್ಸೆಲ್‌ನಲ್ಲಿ ರಿಪೇರ್ ಮೋಡ್. ಹಾಕಿ ಕೊಟ್ಟರೆ ನಿಮ್ಮ ಫೋಟೋ, ಚಾಟ್ ಅವರಿಗೆ ಕಾಣುವುದಿಲ್ಲ. ಪೂರ್ತಿ ಸತ್ತಿದ್ದರೆ ಸಿಮ್, ಕಾರ್ಡ್ ತೆಗೆದುಕೊಳ್ಳಿ. ಬೇರೆ ಫೋನಿನಲ್ಲಿ ಗೂಗಲ್ ಖಾತೆ ತೆರೆದು, ಡಿವೈಸ್‌ಗಳ ಪಟ್ಟಿಯಲ್ಲಿ ಹಳೇದರ ಎದುರು ಸೈನ್ ಔಟ್ ಒತ್ತಿ. ಅಂಥ ಫೋನಿಗೆ ಎಕ್ಸ್‌ಚೇಂಜ್‌ನಲ್ಲಿ ಹೇಗೂ ಹೆಚ್ಚೇನೂ ಸಿಗುವುದಿಲ್ಲ, ಇ-ಕಸ ತೆಗೆದುಕೊಳ್ಳುವವರಿಗೆ ಕೊಡಿ. ಬ್ಯಾಟರಿ ಉಬ್ಬಿದ್ದರೆ ಮನೆಯಲ್ಲಿಟ್ಟುಕೊಂಡು ಕಾಯಬೇಡಿ, ಚಾರ್ಜಿಗಂತೂ ಹಾಕಲೇಬೇಡಿ.