ಕಾವೇರಿಯ ಲೆಕ್ಕಕ್ಕೆ ಸೇರದ ಕಾಡು

1924ರ ಫೆಬ್ರುವರಿಯಲ್ಲಿ ಮೈಸೂರು ಸಂಸ್ಥಾನವೂ ಮದರಾಸು ಸರ್ಕಾರವೂ ಕಾವೇರಿ ನೀರಿನ ಬಗ್ಗೆ ಒಪ್ಪಂದಕ್ಕೆ ಸಹಿ ಹಾಕಿದವು. ಅದೇ ವರ್ಷ ಜುಲೈನಲ್ಲಿ ನದಿ ಎಂದೂ ಕಾಣದಷ್ಟು ಉಕ್ಕಿ ಹರಿದು ಒಪ್ಪಂದದ ಲೆಕ್ಕಾಚಾರವನ್ನೇ ಅಣಕಿಸಿತು. ಅದಕ್ಕೂ ಹಿಂದಿನ 1892ರ ಒಪ್ಪಂದ, ಆಮೇಲೆ ಬಂದ 2007ರ ನ್ಯಾಯಮಂಡಳಿ ತೀರ್ಪು, 2018ರ ಸುಪ್ರೀಂ ಕೋರ್ಟ್ ತೀರ್ಪು ಇವುಗಳನ್ನೆಲ್ಲ ಒಟ್ಟಿಗೆ ಓದಿದರೆ ಒಂದು ಅಂಶ ಎದ್ದು ಕಾಣುತ್ತದೆ: ಎಲ್ಲವೂ ನೀರು ಅಣೆಕಟ್ಟೆಗೆ ಬಂದ ಮೇಲಿನ ಹಂಚಿಕೆಯನ್ನೇ ಮುಖ್ಯವಾಗಿ ಚರ್ಚಿಸುತ್ತವೆ. ಮಳೆಯನ್ನು ಹಿಡಿದಿಟ್ಟುಕೊಂಡು ತಿಂಗಳುಗಟ್ಟಲೆ ಬಿಡುವ ಕೊಡಗಿನ ಕಾಡಿಗೆ ಆ ಲೆಕ್ಕದಲ್ಲಿ ಜಾಗ ಸಿಕ್ಕಿಲ್ಲ.

ಈ ಲೋಪ ಹಿಂದೆ ಅಷ್ಟಾಗಿ ಬಾಧಿಸಿರಲಿಕ್ಕಿಲ್ಲ. ನ್ಯಾಯಮಂಡಳಿಯು ಕಣಿವೆಯ ಒಟ್ಟು ನೀರನ್ನು 740 ಟಿಎಂಸಿ ಅಡಿ ಎಂದು ಲೆಕ್ಕ ಹಾಕಿತು. ಅದು ಎರಡು ವರ್ಷಕ್ಕೊಮ್ಮೆಯಾದರೂ ಸಿಗಬಹುದಾದ ಪ್ರಮಾಣ. ಸುಪ್ರೀಂ ಕೋರ್ಟ್ ಕರ್ನಾಟಕದ ಪಾಲನ್ನು 284.75 ಟಿಎಂಸಿ ಅಡಿಗೆ ಏರಿಸಿ, ತಮಿಳುನಾಡಿಗೆ ಬಿಡಬೇಕಾದ ನೀರನ್ನು 177.25 ಟಿಎಂಸಿ ಅಡಿಗೆ ಇಳಿಸಿತು. ಈ ನೀರಿಗೆ ತಿಂಗಳುವಾರು ವೇಳಾಪಟ್ಟಿಯಿದ್ದು, ದೊಡ್ಡ ಕಂತುಗಳು ಜುಲೈ, ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಬರುತ್ತವೆ. ಮುಂಗಾರು ತನ್ನ ಪಂಚಾಂಗಕ್ಕೆ ನಿಷ್ಠವಾಗಿರುತ್ತದೆ ಎಂಬ ನಂಬಿಕೆಯೇ ಇದರ ತಳಹದಿ. ಮಳೆ ಕೊರತೆಯ ವರ್ಷದಲ್ಲಿ ಕಷ್ಟವನ್ನೂ ಹಂಚಿಕೊಳ್ಳಬೇಕು ಎಂಬ ತತ್ವವೇನೋ ಇದೆ. ಎರಡೂ ರಾಜ್ಯಗಳು ಒಪ್ಪುವ ಸಂಕಷ್ಟ ಸೂತ್ರ ಮಾತ್ರ ಇಂದಿಗೂ ರೂಪುಗೊಂಡಿಲ್ಲ.

ಕಾವೇರಿ ಹುಟ್ಟುವ ಬ್ರಹ್ಮಗಿರಿಯ ಸುತ್ತಲಿನ ನಾಡು ಬದಲಾದದ್ದು ನಿಧಾನವಾಗಿ. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ವಶಪಡಿಸಿಕೊಂಡ ಬ್ರಿಟಿಷರು, ಎರಡು ದಶಕಗಳಲ್ಲಿ ಅಲ್ಲಿ ಕಾಫಿ ತೋಟಗಳನ್ನು ವ್ಯಾಪಕವಾಗಿ ಎಬ್ಬಿಸತೊಡಗಿದರು. ಕೊಡಗಿನ ಭೂವ್ಯವಸ್ಥೆಯಲ್ಲಿ ಗದ್ದೆ, ಗದ್ದೆಗೆ ಅಂಟಿಕೊಂಡ ಬಾಣೆ ಎಂಬ ಕಾಡುನೆಲ, ಊರಿನ ದೇವರಕಾಡು ಒಂದನ್ನೊಂದು ಆತುಕೊಂಡಿದ್ದವು. ಬಾಣೆಯಿಂದ ಸೊಪ್ಪು, ಸೌದೆ, ಮೇವು ಬರುತ್ತಿತ್ತು. ಅದರ ಇಳಿಜಾರಿನಲ್ಲಿ ಇಂಗಿದ ನೀರು ಕೊಲ್ಲಿಗಳೆಂಬ ಸಣ್ಣ ತೊರೆಗಳಾಗಿ ಗದ್ದೆಗೆ ಇಳಿಯುತ್ತಿತ್ತು. ಬಾಣೆಗಳು ಕ್ರಮೇಣ ಕಾಫಿ ತೋಟಗಳಾದವು. ಆದರೂ ದೊಡ್ಡ ನೆರಳುಮರಗಳು ಉಳಿದಿದ್ದ ಕಾಲದಲ್ಲಿ ತೋಟವೂ ಅರ್ಧ ಕಾಡಿನಂತೆಯೇ ವರ್ತಿಸುತ್ತಿತ್ತು ಎನ್ನುವುದನ್ನು ಒಪ್ಪಬೇಕು.

ಹೆಚ್ಚಿನ ಹೊಡೆತ ಬಿದ್ದದ್ದು ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ. ಕಾಫಿ ಮಂಡಳಿಯ ಮೂಲಕವೇ ಮಾರಬೇಕೆಂಬ ನಿರ್ಬಂಧ 1990ರ ದಶಕದಲ್ಲಿ ಹಂತಹಂತವಾಗಿ ಸಡಿಲಗೊಂಡಿತು. 1994ರಲ್ಲಿ ಬ್ರೆಜಿಲ್‌ನ ತೋಟಗಳಿಗೆ ಹಿಮ ಬಿದ್ದು ಬೆಲೆ ಗಗನಕ್ಕೇರಿದಾಗ, ಉಳಿದಿದ್ದ ಖಾಸಗಿ ಕಾಡಿನ ಮೇಲೂ ಕಣ್ಣು ಬಿತ್ತು. ಬೀಟೆ, ಹೊನ್ನೆ, ನಂದಿಯಂತಹ ನಾಡಮರಗಳ ಹಕ್ಕು ಮತ್ತು ಕಟಾವಿನ ಅನುಮತಿ ಬೆಳೆಗಾರನಿಗೆ ತಲೆನೋವಾಗಿದ್ದರೆ, ಸಿಲ್ವರ್ ಓಕ್ ಕಡಿಯಲು ಅಂಥ ತೊಡಕಿರಲಿಲ್ಲ. ಅದು ಬೇಗ ಬೆಳೆಯುತ್ತದೆ, ಅದರ ಮೇಲೆ ಮೆಣಸಿನ ಬಳ್ಳಿಯೂ ಹಬ್ಬುತ್ತದೆ. ಹೀಗೆ ಮರ ಉಳಿಸಲೆಂದು ಮಾಡಿದ ಕಾನೂನೇ ನಾಡಮರವನ್ನು ಬೆಳೆಗಾರನಿಗೆ ಬೇಡವಾಗಿಸಿತು. ದೇವರಕಾಡುಗಳೂ ಹೊರತಾಗಲಿಲ್ಲ. 1905ರಲ್ಲಿ ಸುಮಾರು 6,277 ಹೆಕ್ಟೇರ್ ಇದ್ದ ಅವುಗಳ ವಿಸ್ತೀರ್ಣ 1985ರ ಹೊತ್ತಿಗೆ ಸುಮಾರು 2,550 ಹೆಕ್ಟೇರಿಗೆ ಇಳಿದಿತ್ತು.

‘ಕಾಡಿದ್ದರೆ ನೀರು’ ಎಂಬ ಮಾತು ಸರಿಯೇ, ಆದರೆ ಅಷ್ಟು ಸರಳವಲ್ಲ. ಮರ ನೀರನ್ನು ಕುಡಿಯುತ್ತದೆ, ಎಲೆಗಳ ಮೂಲಕ ಗಾಳಿಗೂ ಬಿಡುತ್ತದೆ. ನದಿಗೆ ಲಾಭವಾಗುವುದು ಮಣ್ಣು ಇಂಗಿಸುವ ನೀರು ಮರ ಕುಡಿಯುವ ನೀರಿಗಿಂತ ಹೆಚ್ಚಾದಾಗ ಮಾತ್ರ. ಉತ್ತರ ಕನ್ನಡದಲ್ಲಿ ಸಹಜ ಕಾಡು, ಹಾಳುಬಿದ್ದ ಕಾಡು ಮತ್ತು ಅಕೇಶಿಯಾ ನೆಡುತೋಪುಗಳನ್ನು ಹೋಲಿಸಿ ನಡೆದ ಅಧ್ಯಯನಗಳು, ತರಗೆಲೆ ಮತ್ತು ಬೇರುಗಳಿಂದ ಸಡಿಲವಾದ ಸಹಜ ಕಾಡಿನ ಮಣ್ಣು ಜೋರುಮಳೆಯನ್ನು ಚೆನ್ನಾಗಿ ಒಳಗೆಳೆದುಕೊಳ್ಳುತ್ತದೆ ಎಂದು ತೋರಿಸಿವೆ. ಹಾಳುಬಿದ್ದ ನೆಲದಲ್ಲಿ ಅದೇ ಮಳೆ ಮೇಲ್ಮೈಯಲ್ಲೇ ಓಡಿಹೋಗುತ್ತದೆ. ವನಮಹೋತ್ಸವದಲ್ಲಿ ನೆಟ್ಟ ಸಸಿಗಳ ಸಂಖ್ಯೆ ಹೇಳಿ ತೃಪ್ತಿಪಡುವವರು ಗಮನಿಸಬೇಕಾದ ಸಂಗತಿ ಇದು.

ಹವಾಮಾನ ಬದಲಾವಣೆ ಪೆಟ್ಟು ಕೊಡುತ್ತಿರುವುದು ಸರಿಯಾಗಿ ಇದೇ ಜಾಗದಲ್ಲಿ. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿಯನ್ನು ಹೊರಬಲ್ಲದು. ಕೇಂದ್ರ ಭೂವಿಜ್ಞಾನ ಸಚಿವಾಲಯದ 2020ರ ವರದಿಯ ಪ್ರಕಾರ, ಉಷ್ಣವಲಯದ ಹಿಂದೂ ಮಹಾಸಾಗರದ ಮೇಲ್ಮೈ ಉಷ್ಣತೆ 1951ರಿಂದ 2015ರ ನಡುವೆ ಸುಮಾರು ಒಂದು ಡಿಗ್ರಿ ಏರಿದೆ. ಅದೇ ಅವಧಿಯಲ್ಲಿ ದೇಶದ ಮುಂಗಾರು ಮಳೆ ಸುಮಾರು ಶೇ 6ರಷ್ಟು ಇಳಿದಿದ್ದು, ಈ ಇಳಿಕೆ ಎದ್ದು ಕಾಣುವ ಪ್ರದೇಶಗಳಲ್ಲಿ ಪಶ್ಚಿಮ ಘಟ್ಟವೂ ಒಂದು. ಒಟ್ಟು ಮಳೆ ಇಳಿಮುಖವಾಗಿದ್ದರೂ ಬಿಸಿಯಾದ ಗಾಳಿಯಿಂದ ಸುರಿಯುವುದು ಒಮ್ಮೆಗೇ ರಭಸದಿಂದ ಸುರಿಯುತ್ತದೆ. ಕೊಡಗಿನ ಮಳೆಗಾಲದ ತಿಂಗಳಾದ ಕಕ್ಕಡದಲ್ಲಿ ವಾರಗಟ್ಟಲೆ ಜಿಟಿಜಿಟಿ ಹಿಡಿಯುತ್ತಿದ್ದ ಮಳೆಯನ್ನು ಇಂಗಿಸುವುದು ಬೇರೆ, ಎರಡು ದಿನದಲ್ಲಿ ಬೀಳುವ ಅಷ್ಟೇ ಮಳೆಯನ್ನು ಇಂಗಿಸುವುದು ಬೇರೆ.

2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲದ ಸುತ್ತ ಬೆಟ್ಟಗಳು ಕುಸಿದವು. ಮರುವರ್ಷ ತೋರ ಗ್ರಾಮದಲ್ಲಿ, 2020ರಲ್ಲಿ ತಲಕಾವೇರಿಯ ಬಳಿಯಲ್ಲೇ ಭೂಕುಸಿತವಾಗಿ ಜೀವಹಾನಿಯಾಯಿತು. ರಸ್ತೆ, ಮನೆ, ರೆಸಾರ್ಟುಗಳಿಗಾಗಿ ಇಳಿಜಾರು ಕಡಿದದ್ದು ಮಡಿಕೇರಿಯ ಸುತ್ತಲಿನ ಕುಸಿತಗಳಿಗೆ ಮುಖ್ಯ ಕಾರಣವೆಂದು ಭೂವಿಜ್ಞಾನಿಗಳು ಗುರುತಿಸಿದ್ದಾರೆ. ಆದರೆ ತಲಕಾವೇರಿಯಲ್ಲಿ ಜಾರಿದ್ದು ಕಾಡಿನ ಬೆಟ್ಟವೇ. ಆ ಪ್ರಮಾಣದ ಮಳೆಗೆ ಕಾಡೊಂದೇ ತಡೆಯಾಗಲಾರದು.

ಅತಿವೃಷ್ಟಿಯ ಆ ವರ್ಷಗಳ ಬೆನ್ನಿಗೇ 2023ರ ಬರ ಬಂತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವಾದವು. ನೀರು ಬಿಡುವ ಆದೇಶದ ವಿರುದ್ಧ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಬಂದ್ ಮತ್ತು ಕರ್ನಾಟಕ ಬಂದ್ ನಡೆದವು. ಮುಂದಿನ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿ, ಕಾವೇರಿ ನೀರು ಬಾರದ ಹೊರವಲಯದ ಬಡಾವಣೆಗಳು ಟ್ಯಾಂಕರಿಗೆ ಕಾಯುವಂತಾಯಿತು. 2024ರ ಜುಲೈನಲ್ಲಿ ಕೃಷ್ಣರಾಜಸಾಗರ ಮತ್ತೆ ಭರ್ತಿಯಾಯಿತು. 2025ರಲ್ಲಂತೂ ಅದು ಜೂನ್ ತಿಂಗಳಲ್ಲೇ ತುಂಬಿತು. ಅಣೆಕಟ್ಟೆಯ ಇತಿಹಾಸದಲ್ಲಿ ಹೀಗಾದದ್ದು ಅದೇ ಮೊದಲು. ಬಾಗಿನ ಅರ್ಪಿಸುವವರಿಗೆ ಇದು ಸಂಭ್ರಮ. ಜಲಾಶಯ ಬೇಗ ತುಂಬಿದಷ್ಟೂ ಮುಂದೆ ಬರುವ ಪ್ರವಾಹಕ್ಕೆ ಜಾಗ ಉಳಿಯದು ಎಂಬುದು ಮಾತ್ರ ಅಣೆಕಟ್ಟೆಯ ಎಂಜಿನಿಯರುಗಳ ಚಿಂತೆ.

ಮೇಲ್ಭಾಗದಲ್ಲಿ ಇನ್ನೊಂದು ಸುಳಿಯಿದೆ. ರೊಬಸ್ಟಾ ಕಾಫಿ ಅರಳಲು ಫೆಬ್ರುವರಿ, ಮಾರ್ಚ್‌ನಲ್ಲಿ ಹೂಮಳೆ ಬೇಕು. ಅದು ಕೈಕೊಟ್ಟರೆ ಬೆಳೆಗಾರರು ಕೆರೆ, ಕೊಲ್ಲಿ, ಹೊಳೆಗಳಿಂದ ನೀರೆತ್ತಿ ತುಂತುರು ನೀರಾವರಿ ಮಾಡುತ್ತಾರೆ. ನದಿ ಅತ್ಯಂತ ಬಡವಾಗಿರುವ ಹೊತ್ತಿನಲ್ಲೇ ಅದರಿಂದ ಹೆಚ್ಚು ಸೆಳೆಯಬೇಕಾಗುತ್ತದೆ. ವರ್ಷದ ಬೆಳೆಯೇ ಆ ಹೂವಿನ ಮೇಲೆ ನಿಂತಿರುವಾಗ ಅವರನ್ನಷ್ಟೇ ದೂರುವುದು ನ್ಯಾಯವಲ್ಲ.

ನೀತಿಯ ಮಟ್ಟದಲ್ಲಿ, ಪಶ್ಚಿಮ ಘಟ್ಟದ ಸಂರಕ್ಷಣೆಯ ಬಗ್ಗೆ ಮಾಧವ ಗಾಡ್ಗೀಳ್ ಸಮಿತಿ 2011ರಲ್ಲಿ, ಕಸ್ತೂರಿರಂಗನ್ ಸಮಿತಿ 2013ರಲ್ಲಿ ವರದಿ ಕೊಟ್ಟವು. ಎರಡನೆಯದನ್ನು ಆಧರಿಸಿದ ಆರನೇ ಕರಡು ಅಧಿಸೂಚನೆ 2024ರ ಜುಲೈನಲ್ಲಿ ಹೊರಬಿದ್ದು, ಕರ್ನಾಟಕದ 20,668 ಚದರ ಕಿಲೋಮೀಟರ್ ಪ್ರದೇಶವನ್ನು ಪರಿಸರ ಸೂಕ್ಷ್ಮವೆಂದು ಗುರುತಿಸಿತು. ಜನಜೀವನಕ್ಕೆ ತೊಂದರೆಯಾಗುತ್ತದೆ ಎಂಬ ಕಾರಣಕ್ಕೆ ರಾಜ್ಯ ಸಚಿವ ಸಂಪುಟ ಅದನ್ನು ತಿರಸ್ಕರಿಸಿತು. ನೀರಿನ ಅನಿಶ್ಚಿತತೆಗೆ ಸರ್ಕಾರ ಮುಂದಿಡುತ್ತಿರುವ ಉತ್ತರ ಮೇಕೆದಾಟು: ಸುಮಾರು 67 ಟಿಎಂಸಿ ಅಡಿ ನೀರು ನಿಲ್ಲಿಸುವ ಹೊಸ ಅಣೆಕಟ್ಟೆ. ಅದಕ್ಕಾಗಿ ಮುಳುಗಬೇಕಾದ ಸುಮಾರು 5,000 ಹೆಕ್ಟೇರ್ ಅರಣ್ಯದಲ್ಲಿ ಹೆಚ್ಚಿನ ಪಾಲು ಕಾವೇರಿ ವನ್ಯಜೀವಿಧಾಮದ್ದು.